ಮಡಿ ಬಟ್ಟೆ

ಮುಹರ್ರಕ್‌ನ ಹಳೇ ಓಣಿ, ಹಲ್ವಾ ಅಂಗಡಿಯ ಎದುರು
ನನ್ನ ಇಸ್ತ್ರಿ ಅಂಗಡಿ. ಇಪ್ಪತ್ತಾರು ವರ್ಷ.
ವಿಮಾನ ಇಳಿಯುವಾಗೆಲ್ಲ ಶಟರು ನಡುಗುತ್ತದೆ.
ಮಂಗಳೂರಿನದು ಯಾವುದೆಂದು ಸದ್ದಿನಲ್ಲೇ ಹೇಳುತ್ತೇನೆ
ಎಂದು ಹುಡುಗರ ಮುಂದೆ ಕೊಚ್ಚಿಕೊಂಡಿದ್ದೇನೆ.
ಸುಳ್ಳು. ಎಲ್ಲ ಒಂದೇ ಥರ ಕೂಗುತ್ತವೆ.

ದೊಡ್ಡಾಸ್ಪತ್ರೆಯ ಡಾಕ್ಟರು, ಸುಡಾನಿನವರು,
ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು,
ನಾನು ಕಾಲರಿನ ಕಲೆ ನೋಡುವ ಹಾಗೆ.
ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ,
ನೋಡಿದ ಕೂಡಲೇ ನನಗೂ ಗೊತ್ತಾಗುತ್ತದಲ್ಲ.
"ಮೂರು ತಿಂಗಳು" ಅಂದರು. ಆಮೇಲೆ "ಇನ್ಶಾ ಅಲ್ಲಾ."
ಎರಡರ ನಡುವೆ ಒಂದು ಸಣ್ಣ ಕೆಮ್ಮು.

ಊರಿಗೆ ಹೋಗಬಹುದಿತ್ತು.
ಊರಲ್ಲಿ ನಾನು ರಜೆಯ ಮನುಷ್ಯ.
ಹದಿಮೂರು ರಜೆ, ಒಂದೊಂದೂ ನಲವತ್ತು ದಿನ,
ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಕೂಡಿಸಿದೆ:
ಐನೂರ ಇಪ್ಪತ್ತು ದಿನದ ಗಂಡ.
ನನ್ನ ಕೆಮ್ಮಿನ ಗುರುತಿರುವುದು ಈ ಓಣಿಗೆ.

ಅಬು ಜಾಸಿಮ್ ಬಂದರು. ಅವರ ತೋಬಿಗೆ ಗಂಜಿ ಎಷ್ಟು
ಎಂದು ಅವರ ಮನೆಯವರಿಗಿಂತ ನನಗೆ ಗೊತ್ತು.
ಕೂತರು. ಜಪಮಣಿ ಎಣಿಸಿದರು. ಚಹಾ ಆರಿತು.
ಹೋಗುವಾಗ ಕೇಳಿದ್ದು ಇಷ್ಟೇ:
"ಅವಳ ಹತ್ತಿರ ಪಾಸ್‌ಪೋರ್ಟ್ ಇದೆಯಾ?"

ಹಾಗೆ ಬಂದಳು ಗುಲಾಬಿ, ಬೈಂದೂರಿನಿಂದ,
ತೊಂಬತ್ತು ದಿನದ ವಿಸಿಟ್ ವೀಸಾದಲ್ಲಿ.
ಡಾಕ್ಟರು ಕೊಟ್ಟದ್ದೂ ಅಷ್ಟೇ.
ಇಬ್ಬರೂ ಆ ಮಾತೆತ್ತಲಿಲ್ಲ.
ರೂಮಿನ ತಂಗಚ್ಚನ್, ಹಸನಬ್ಬ ಹಾಸಿಗೆ ಸುತ್ತಿಕೊಂಡು
ಅಂಗಡಿಯಲ್ಲೇ ಮಲಗಿದರು, ಬಟ್ಟೆ ಗಂಟಿನ ನಡುವೆ.
"ಅಲ್ಲಿ ಏಸಿ ಚೆನ್ನಾಗಿದೆ" ಅಂದರು.
ಅಂಗಡಿಗೆ ಏಸಿಯೇ ಇಲ್ಲ.

ಮೊದಲ ರಾತ್ರಿ ಒಂದೇ ಮಂಚದ ಎರಡು ಅಂಚಿನಲ್ಲಿ
ಬಸ್ಸಿನಲ್ಲಿ ಜೊತೆ ಸೀಟು ಸಿಕ್ಕವರ ಹಾಗೆ ಮಲಗಿದೆವು.
ನಡುರಾತ್ರಿ ನೋವು ಎದ್ದಿತು, ಅವಳೂ ಎದ್ದಳು.
"ಎಲ್ಲಿ?"
ಬೆರಳಿಟ್ಟು ತೋರಿಸಿದೆ.
ಅಲ್ಲೇ ಅಂಗೈ ಇಟ್ಟು, ಇಟ್ಟ ಹಾಗೇ ನಿದ್ದೆ ಹೋದಳು.
ಕೈ ಕದಲೀತೆಂದು ನಾನು
ಬೆಳಗಿನ ಬಾಂಗಿನವರೆಗೂ ಸಣ್ಣಗೆ ಉಸಿರಾಡಿದೆ.

ಒಂದು ದಿನ ಕೇಳಿದಳು,
"ದೇವ್ರನ್ನ ಎಲ್ಲಿ ಇಟ್ಕಂಡಿದ್ರಿ ಇಲ್ಲಿ?"
ಗೋಡೆಯ ಮೇಲೆ ಎಂದೋ ಮುಗಿದ ವರ್ಷದ ಕ್ಯಾಲೆಂಡರು,
ಹಬೆಗೆ ಗಣಪತಿಯ ಸೊಂಡಿಲು ಮಾಸಿದೆ.
ಅದಲ್ಲ, ನಿಂತು ನೋಡು ಅಂದೆ.
ನೀರು ಚಿಮುಕಿಸಿದೆ. ಒತ್ತಿದೆ. ಗುಂಡಿ ಹಾಕಿದೆ.
ತೋಬಿನ ಎರಡೂ ತೋಳನ್ನು ಎದೆಯ ಮೇಲೆ ತಂದಿಟ್ಟೆ.
ಅಬು ಜಾಸಿಮ್ ನಮಾಜಿಗೆ ನಿಲ್ಲುವುದು ಹೀಗೆ,
ತಂಗಚ್ಚನ್ ಪೂಜೆಯ ಸಾಲಿನಲ್ಲಿ ನಿಲ್ಲುವುದು ಹೀಗೆ.
ಇನ್ನೊಂದಿದೆ. ಹೇಳಲಿಲ್ಲ.
ಅವಳು ತೋಳನ್ನೇ ನೋಡುತ್ತಿದ್ದಳು.

ಮಡಿ ಅಂದರೆ ಒಗೆದದ್ದು.
ಮಡಿ ಅಂದರೆ ನಮ್ಮನ್ನು ಅಂಗಳದಾಚೆ ನಿಲ್ಲಿಸಿದ್ದು,
ಅವರ ಮಡಿಯನ್ನು ಒಗೆದು ಕೊಟ್ಟವರು ನಾವೇ ಆದರೂ.
ಮಡಿ ಅಂದರೆ ಸಾಯುವುದಕ್ಕೂ ಹೇಳುತ್ತಾರೆ,
ಶಾಲೆಯ ಪುಸ್ತಕದಲ್ಲಿತ್ತು: ಯುದ್ಧದಲ್ಲಿ ಮಡಿದರು.
ಅದು ರಾಜರ ಮಾತು ಅಂದುಕೊಂಡಿದ್ದೆ.

ಇವತ್ತು ಅರವತ್ತೊಂದನೇ ದಿನ.
ಸ್ಟೂಲಿನ ಮೇಲೆ ಕೂತು ನೋಡುತ್ತೇನೆ, ಅವಳು ಒತ್ತುತ್ತಾಳೆ.
ಹೋದ ವಾರ ಒಂದು ಗುತ್ರಾ ಸುಟ್ಟಳು, ಮೂಲೆಯಲ್ಲಿ ಕಂದು ಎಲೆ.
ಅಳುತ್ತಾ ದುಡ್ಡು ಕೊಡಹೋದಳು.
ಅಬು ಜಾಸಿಮ್ ಶುಕ್ರವಾರ ಅದನ್ನೇ ಹೊದ್ದು,
ಎಲೆ ಕಾಣುವ ಹಾಗೆ ಮುಂದಕ್ಕೆ ಹಾಕಿಕೊಂಡು ಹೋದರು.

ಈಗಷ್ಟೇ ಶಟರು ನಡುಗಿತು.
"ಇದ್ ಊರಿಂದಾ?"
ಹೌದು ಅಂದೆ.
ಬಂದದ್ದಾ ಹೊರಟದ್ದಾ ಎಂದು ಅವಳು ಕೇಳಲಿಲ್ಲ.
ಇಸ್ತ್ರಿಗೆ ಒದ್ದೆ ಬೆರಳು ತಾಗಿಸಿ ಕಾವು ನೋಡಿದಳು.
ಇನ್ನೂ ಹದಿನೇಳು ತೋಬು ಬಾಕಿ,
ನಾಳೆ ಶುಕ್ರವಾರ.